ಮೂರು ಲೀಟರ್ ನೀರು

ಪೌರಕಾರ್ಮಿಕರ ಆರೋಗ್ಯ ಶಿಬಿರದಲ್ಲಿ ಚರ್ಮದ ಡಾಕ್ಟರು ಪುಟ್ಟಸಿದ್ದಮ್ಮನ ಕೈ ತಿರುಗಿಸಿ ನೋಡಿದರು. ಇಪ್ಪತ್ತು ವರ್ಷ ಬೀದಿ ಗುಡಿಸಿದ ಕೈ. ಚರ್ಮ ಒಣಗಿ ಬಿರುಕು ಬಿಟ್ಟಿತ್ತು, ಕೆರೆದು ಕೆರೆದು ಮೊಣಕೈವರೆಗೂ ಕೆಂಪಾಗಿತ್ತು.

"ನೀರು ಎಷ್ಟು ಕುಡೀತೀರಮ್ಮ?"

"ಕೆಲ್ಸ ಮುಗಿಯೋಗಂಟ ಕುಡಿಯಲ್ಲ ಸಾ."

"ಅದೇ ತಪ್ಪು. ದಿನಕ್ಕೆ ಮೂರು ಲೀಟರ್ ಕುಡೀಬೇಕು. ಚರ್ಮಕ್ಕೆ ಅದಕ್ಕಿಂತ ಒಳ್ಳೆ ಔಷಧಿ ಇಲ್ಲ."

"ಬೆಳಿಗ್ಗೆ ಆರರಿಂದ ಎರಡು ಗಂಟೆಗಂಟ ಬೀದೀಲೇ ಇರ್ತೀವಿ. ಕುಡುದ್ರೆ ಎಲ್ಲಿಗೆ ಹೋಗದು ಸಾ?"

ಸಾಲಿನಲ್ಲಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಡಾಕ್ಟರು ತಲೆಯೆತ್ತದೆ ಚೀಟಿ ಬರೆಯುತ್ತಲೇ ಹೇಳಿದರು: "ನೆಪ ಹೇಳಬಾರದಮ್ಮ. ಅಷ್ಟೊಂದು ಮನೆಗಳಿವೆ, ಯಾರನ್ನಾದರೂ ಕೇಳಿದರಾಯ್ತು."

ನೆಪ ಎಂಬ ಮಾತು ಪುಟ್ಟಸಿದ್ದಮ್ಮನಿಗೆ ಕೈಯ ಉರಿಗಿಂತ ಹೆಚ್ಚಾಗಿ ಸುಟ್ಟಿತು. ಇಪ್ಪತ್ತು ವರ್ಷದಲ್ಲಿ ತಾನು ಗುಡಿಸುವ ಬೀದಿಯ ಒಂದು ಮನೆಯವರೂ ಅವಳನ್ನು ಗೇಟು ದಾಟಲು ಬಿಟ್ಟಿರಲಿಲ್ಲ. ಚೀಟಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

ಮರುದಿನ ದೊಡ್ಡ ಬಾಟಲಿ ತುಂಬಿಸಿ ತಂದಳು, ಜೊತೆಯ ನಾಲ್ವರ ಕೈಲೂ ತರಿಸಿದಳು. ಗುಡಿಸುತ್ತ ಗುಡಿಸುತ್ತ ಎಲ್ಲರೂ ಹೊಟ್ಟೆ ತುಂಬ ಕುಡಿದರು. ಒಂಬತ್ತು ಗಂಟೆಗೆ ಪೊರಕೆಗಳನ್ನು ಕಾಂಪೌಂಡಿಗೆ ಒರಗಿಸಿ, ಐವರೂ ಬೀದಿಯ ಕೊನೆಯ ದೊಡ್ಡ ಮನೆಯ ಗೇಟು ತಳ್ಳಿಕೊಂಡು ಒಳಗೆ ಹೋದರು. ಪುಟ್ಟಸಿದ್ದಮ್ಮ ಬೆಲ್ಲು ಒತ್ತಿದಳು.

ಬಾಗಿಲು ತೆರೆದವರು ಪೇಪರು ಹಿಡಿದುಕೊಂಡೇ, "ಏನಮ್ಮ ಇದು, ಒಳಗೇ ಬಂದ್ಬಿಟ್ರಿ?" ಎಂದರು.

"ನೀವು ಹೇಳ್ದಷ್ಟೂ ನೀರು ಕುಡುದಿದ್ದೀವಿ ಡಾಕ್ಟ್ರೇ," ಎಂದಳು ಪುಟ್ಟಸಿದ್ದಮ್ಮ. "ಬಾತ್ರೂಮು ಯಾವ ಕಡೆ?"