ಪೆಟ್ಟಿಗೆಯ ಸುತ್ತ ಒಂದು ಗೇಣು

ಲಾಸ್ಯಾ ಕೈ ಚಾಚಿದ್ದಳು. ಅಭಿರಾಮನ ಅಜ್ಜಿ ಸುಂದರಮ್ಮ ಕಾಫಿ ಲೋಟವನ್ನು ಆ ಕೈಗೆ ಕೊಡದೆ, ಒಂದು ಗೇಣು ಆಚೆ, ಕಂಪ್ಯೂಟರ್ ಮೇಜಿನ ಮೇಲಿಟ್ಟರು. ಹುಡುಗಿಯ ತಂದೆಯ ಹೆಸರು, ಊರು, ಜಾತಿ ಎಲ್ಲವನ್ನೂ ಆಗಲೇ ವಿಚಾರಿಸಿಕೊಂಡಿದ್ದರು.

"ಅಜ್ಜಿ ಮಡೀಲಿದಾರೆ ಕಣೇ, ಯಾರನ್ನೂ ಮುಟ್ಟಲ್ಲ," ಎಂದು ಅಭಿರಾಮ ನಗುತ್ತಿರುವಾಗಲೇ ಸುಂದರಮ್ಮ ಇನ್ನೊಂದು ಲೋಟವನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಚಿ, "ಬಿಸಿ ಇದೆ, ಹುಷಾರು ಕಣೋ" ಎಂದು ಒಳನಡೆದರು.

ಅವನ ನಗು ಅರ್ಧಕ್ಕೇ ನಿಂತಿತು. ಪರದೆಯ ಮೇಲೆ ಇಬ್ಬರ ಕಾಲೇಜು ಪ್ರಾಜೆಕ್ಟ್ ಓಡುತ್ತಿತ್ತು: ಒಂದು ಪೆಟ್ಟಿಗೆ, ಅದರ ಸುತ್ತ ಕಣ್ಣಿಗೆ ಕಾಣದ ವಿದ್ಯುತ್ ಕ್ಷೇತ್ರ. ಕೆಂಪು ಚೆಂಡು ಹತ್ತಿರ ಬಂದು, ಮುಟ್ಟಲಾಗದೆ ಹಿಂದೆ ಸರಿಯಿತು. ಬಿಳಿಯದು ಸೀದಾ ಹೋಗಿ ಪೆಟ್ಟಿಗೆಗೆ ತಾಗಿ ನಿಂತಿತು. "ಎರಡಕ್ಕೂ ಒಂದೇ ಕ್ಷೇತ್ರ ತಾನೇ? ಎಲ್ಲೋ ತಪ್ಪಾಗಿದೆ," ಎಂದ, ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ತನಗೇ ತಿಳಿಯದೆ.

"ಕ್ಷೇತ್ರ ಒಂದೇ. ಕೆಂಪು ಚೆಂಡೇನು ಚಾರ್ಜ್ ಹೊತ್ಕೊಂಡು ಹುಟ್ಟಿತ್ತಾ? ನಾವೇ ಅಲ್ವೇನೋ ಹಾಕಿದ್ದು!" ಲಾಸ್ಯಾ ಬ್ಯಾಗನ್ನು ಹೆಗಲಿಗೇರಿಸಿದಳು. "ಮಿಕ್ಕಿದ್ದನ್ನ ಚಾಮರಾಜಪೇಟೆಲಿ, ನಮ್ಮನೇಲೇ ಮಾಡೋಣ. ನಮ್ಮಮ್ಮ ಕಾಫಿ ಕೈಗೇ ಕೊಡ್ತಾಳೆ. ತಗೋತೀಯಾ?"

ಅಭಿರಾಮನ ಬೆರಳು ಸುಡುತ್ತಿತ್ತು. ಲೋಟವನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.