ಕುಳಿಗೆ ಬೀಳದ ಚೆಂಡು

ಚೆಂಡು ಕುಳಿಯಿಂದ ಒಂದೇ ಗೇಣು ದೂರದಲ್ಲಿ ನಿಂತಿತು. ಗೋವಿಂದಪ್ಪ ಕೋಲು ಹಿಡಿದು ಅದನ್ನೇ ನೋಡಿದ. ಕಣ್ಣು ಮುಚ್ಚಿ ತಟ್ಟಿದರೂ ಒಳಗೆ ಬೀಳುವ ಹಾಗಿತ್ತು. ಬಿದ್ದರೆ ಅವನ ಕತೆ ಮುಗಿಯಿತು.

ಅವನು ಹುಬ್ಬಳ್ಳಿಯ ರೈಲ್ವೆ ಕಚೇರಿಯ ಗುಮಾಸ್ತ. ಹೊಸಪೇಟೆಗೆ ವರ್ಗವಾಗಿತ್ತು. ಹೆಂಡತಿ ಸತ್ಯವ್ವ ತುಂಬಿದ ಬಸುರಿ. ಗೋಪನಕೊಪ್ಪದ ಮನೆಯಲ್ಲಿ ಅವಳಿಗೆ ಇವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವಳನ್ನು ಬಿಟ್ಟು ಹೋಗುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು. "ವರ್ಗಾ ರದ್ದ ಮಾಡಿಸಿಕೊಂಡ ಬರ್ರಿ. ಇಲ್ಲಂದ್ರ ಸಾಹೇಬರ ಬಾಗಲದಾಗ ನಾನ ಹೋಗಿ ಕೂಡತೇನಿ" ಎಂದು ಅವಳು ಬೇರೆ ಹೆದರಿಸಿದ್ದಳು.

ಉಪಾಯ ಹೇಳಿದವನು ಕಚೇರಿಯ ಜವಾನ ಗೌಸಸಾಬ. "ಹೊಸಾ ಸಾಹೇಬರು ನಿನ್ನೆ ಬಂದಾರ್ರಿ. ಗೋರಾ ಅಲ್ಲ, ನಮ್ಮ ಕಡೇದವರಂತ. ಕಚೇರ್ಯಾಗ ಯಾರ ಅಹವಾಲೂ ಕೇಳಂಗಿಲ್ಲಂತ. ಸಂಜೀಕ ಗಾಲ್ಫ್ ಆಡ್ತಾರ. ಅಲ್ಲೆ ಹೋಗಿ ಸೋಲ್ರಿ. ಗೆದ್ದ ಖುಷ್ಯಾಗ ಏನ ಕೇಳಿದ್ರೂ ಹೂಂ ಅಂತಾರ."

ಆಟ ಕಲಿಯುವವರಿಗೆಂದೇ ಕ್ಲಬ್ಬಿನವರು ಮಾಡಿಸಿದ, ಆರೇ ಕುಳಿಗಳ ಪುಟ್ಟ ಮೈದಾನವದು. ಕೋಲು, ಚೆಂಡು ಅಲ್ಲೇ ಸಿಗುತ್ತಿದ್ದವು. ಧೋತರ ಉಟ್ಟವರನ್ನು ಮಾತ್ರ ಕಾವಲುಗಾರ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೆಂದೇ ಗೋವಿಂದಪ್ಪ ದರ್ಜಿ ಖಾದರಬಾಷಾನ ಅಂಗಡಿಗೆ ಹೊಲಿಗೆಗೆ ಬಂದಿದ್ದ ಯಾರೋ ದೊರೆಯ ಚಡ್ಡಿಯನ್ನು ಕಡ ತಂದಿದ್ದ. ಹ್ಯಾಟೊಂದನ್ನೂ ಕಾಡಿ ಬೇಡಿ ಸಂಪಾದಿಸಿದ್ದ.

ಒಳಗೆ ಹೋದರೆ, ಹ್ಯಾಟು ಹಾಕಿಕೊಂಡವರು ಒಬ್ಬರೇ ನಿಂತಿದ್ದರು. ಹೆಸರು ಕೇಳುವ ಮಾತೇ ಇರಲಿಲ್ಲ. ದೊಡ್ಡವರ ಎದುರು ನಿಂತು ನೀವು ಯಾರು ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ.

"ಮೊದಲ ನೀವು ಹೊಡೀರಿ, ಸಾಹೇಬರ" ಎಂದ ಗೋವಿಂದಪ್ಪ.

"ಛೇ ಛೇ, ನೀವ ಹೊಡೀರಿ, ಸಾಹೇಬರ" ಎಂದರು ಅವರು.

ತನ್ನಂಥ ಗುಮಾಸ್ತನನ್ನೂ ಸಾಹೇಬರೆನ್ನುವ ಆ ದೊಡ್ಡತನಕ್ಕೆ ಗೋವಿಂದಪ್ಪ ಕರಗಿಹೋದ. ಇಂಥವರಿಗೆ ಸೋಲುವುದೂ ಒಂದು ಪುಣ್ಯವೇ.

ಆದರೆ ಸೋಲುವುದು ಸುಲಭವಿರಲಿಲ್ಲ. ಕಡಿಮೆ ಏಟಿನಲ್ಲಿ ಚೆಂಡನ್ನು ಕುಳಿಗೆ ಹಾಕಿದವನು ಗೆದ್ದಂತೆ. ಗೋವಿಂದಪ್ಪ ತನ್ನ ಚೆಂಡನ್ನು ಜಾಲಿಕಂಟಿಗೆ ಅಟ್ಟಿದರೆ ಸಾಹೇಬರು ತಮ್ಮದನ್ನು ಗಟಾರಕ್ಕೆ ಅಟ್ಟಿದರು. ಇವನು ಕುಳಿಯ ಎಡಕ್ಕೆ ತಟ್ಟಿದರೆ ಅವರು ಬಲಕ್ಕೆ. ಕೋಲನ್ನೋ ಚಿಣ್ಣಿದಾಂಡಿನಂತೆ ಹಿಡಿದಿದ್ದರು. "ಏನ ಕೈರಿ ನಿಮ್ಮದು" ಎಂದು ಇವನ ತಪ್ಪು ಏಟನ್ನೇ ಬಾಯಿ ತುಂಬ ಹೊಗಳುತ್ತಿದ್ದರು. ಸಾಹೇಬರು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂಬುದು ಗೋವಿಂದಪ್ಪನಿಗೆ ಖಾತ್ರಿಯಾಯಿತು. ಪಳಗಿದ ಆಟಗಾರರಲ್ಲದೆ ಇಷ್ಟು ಕೆಟ್ಟದಾಗಿ ಆಡಲು ಯಾರಿಂದ ಸಾಧ್ಯ?

ಹೊತ್ತು ಮುಳುಗುತ್ತ ಬಂದರೂ ಇಬ್ಬರೂ ಮೊದಲನೆಯ ಕುಳಿಯನ್ನೇ ದಾಟಿರಲಿಲ್ಲ. ಈಗ ಈ ಹಾಳು ಚೆಂಡು ತಾನಾಗಿ ಉರುಳಿಕೊಂಡು ಬಂದು ಕುಳಿಯ ಬಾಯಿಗೆ ಕೂತಿತ್ತು.

ಗೋವಿಂದಪ್ಪ ಹನುಮಪ್ಪನನ್ನು ನೆನೆದು ಕೋಲು ಬೀಸಿದ. ಚೆಂಡು ಕುಳಿಯನ್ನು ಹಾರಿ ಬೇಲಿಯಾಚೆ ಹೋಯಿತು. "ಸೋತೆನ್ರಿ ಸಾಹೇಬರ. ನೀವ ಗೆದ್ರಿ" ಎಂದು ನೆಮ್ಮದಿಯ ಉಸಿರು ಬಿಟ್ಟ.

ಸಾಹೇಬರ ಮುಖ ಸಪ್ಪಗಾಯಿತು. ಗೆದ್ದವರ ಮುಖ ಹಾಗಾಗುವುದನ್ನು ಗೋವಿಂದಪ್ಪ ಎಂದೂ ಕಂಡಿರಲಿಲ್ಲ. ಇನ್ನು ತಡಮಾಡಿದರೆ ಕೆಟ್ಟೆ ಎಂದುಕೊಂಡು ಅವರ ಕಾಲಿಗೆ ಬೀಳಲು ಬಗ್ಗಿದ. ಅದೇ ಹೊತ್ತಿಗೆ ಸಾಹೇಬರೂ ಬಗ್ಗಿದರು. ಹ್ಯಾಟಿಗೆ ಹ್ಯಾಟು ಢಿಕ್ಕಿ ಹೊಡೆಯಿತು. ಇವನು ಬಾಯಿ ತೆರೆಯುವುದರೊಳಗೆ ಅವರು ಇವನ ಎರಡೂ ಕಾಲು ಹಿಡಿದುಕೊಂಡಿದ್ದರು.

"ಗೆದ್ದದ್ದು ತಪ್ಪಾತ್ರಿ ಸಾಹೇಬರ, ಹೊಟ್ಟಿಗೆ ಹಾಕ್ಕೋರಿ. ನಾ ಹೊಸಪೇಟಿ ಗುಮಾಸ್ತರಿ, ನನ್ನ ಹುಬ್ಬಳ್ಳಿಗೆ ವರ್ಗಾ ಮಾಡಬ್ಯಾಡ್ರಿ. ಇಲ್ಲೆ ಯಾವನೋ ಗೋವಿಂದಪ್ಪ ಅಂತ ಇದ್ದಾನಂತ, ಅವ ಇಲ್ಲೇ ಸಾಯಲಿ ಬಿಡ್ರಿ."