ಮುಟ್ಟಬ್ಯಾಡ

“ಕರೆಂಟ್ ಅಂದ್ರೆ ಗದ್ದೆ ನೀರಿದ್ದಂಗೆ ಕಣ್ರವ್ವ. ಬದು ಒಡೆದ ಕಡೆ ನುಗ್ಗತೈತೆ. ಶಾಕ್ ಹೊಡೆದವ್ರನ್ನ ಬರಿಗೈಲಿ ಮುಟ್ಟಿದ್ರೆ, ನಾವೇ ಬದು ಒಡೆದು ನಮ್ಮ ಮೈಗೆ ಹಾಯಿಸಿಕೊಂಡಂಗೆ. ಒಣ ಕೋಲಿಂದ ದೂಡ್ರಿ,” ಎಂದಳು ವಾಣಿಶ್ರೀ. ಕಡರನಾಯಕನಹಳ್ಳಿಯ ಹೆಂಗಸರಿಗೆ ವಿದ್ಯುತ್ತಿನ ಪಾಠ ಹೇಳಲು ಅವಳು ದಾವಣಗೆರೆಯಿಂದ ಬಂದಿದ್ದಳು.

“ಗಂಡನ್ನ ಮುಟ್ಟಾಕೂ ಕೋಲು ಬೇಕೇನ್ರಿ ಮೇಡಂ?” ಎಂದು ಯಾರೋ ಕೇಳಿದಾಗ ಎಲ್ಲರೂ ನಕ್ಕರು. ಕೊಟ್ರವ್ವ ನಗಲಿಲ್ಲ.

ಅವಳ ಗಂಡ ರೇವಣ್ಣ ಮೋಟರ್ ರಿಪೇರಿ ಮಾಡುತ್ತಿದ್ದ. ಹೋದ ವರ್ಷ ಪಂಪಿನ ಸ್ಟಾರ್ಟರ್‌ಗೆ ಅವನ ಕೈ ಅಂಟಿಕೊಂಡಾಗ ಅವಳು ಎಳೆಯಲು ಓಡಿದ್ದಳು. “ಮುಟ್ಟಬ್ಯಾಡ, ದೂರ ಹೋಗು!” ಎಂದು ಅವನು ಚೀರಿದ್ದ. ಅದೇ ಅವನ ಕೊನೆಯ ಮಾತು. ಅಂದು ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದರು. ಈಗಲೂ ಯಾರ ಗದ್ದೆಯಲ್ಲಿ ಮೋಟರ್ ಗುಂಯ್‌ಗುಟ್ಟಿದರೂ ಅವಳಿಗೆ ಆ ಚೀರಾಟವೇ ಕೇಳುತ್ತಿತ್ತು.

ಕೊಟ್ರವ್ವ ಎದ್ದು ನಿಂತಳು. ಪಕ್ಕದವಳು ನಗು ನಿಲ್ಲಿಸಿ ಮೆಲ್ಲಗೆ ಅವಳ ಕೈ ಹಿಡಿದುಕೊಂಡಳು.

“ಮೋಟರ್ ರಿಪೇರಿ ಮಾಡೋರಿಗೆ ಇದು ಗೊತ್ತಿರ್ತೈತೇನವ್ವ?” ಎಂದು ಕೊಟ್ರವ್ವ ವಾಣಿಶ್ರೀಯನ್ನು ಕೇಳಿದಳು.

“ಗೊತ್ತಿಲ್ದೆ ಏನವ್ವ? ಅವ್ರು ಮೊದಲು ಕಲಿಯೋದೇ ಇದನ್ನ.”

ಕೊಟ್ರವ್ವ ಪಕ್ಕದವಳ ಕಡೆ ತಿರುಗಿದಳು.

“ಹಂಗಾರೆ ನಮ್ಮನಿಯವ್ರು ಅವತ್ತು ಸಿಟ್ಟಿಗೆ ಕೂಗಿದ್ದಲ್ಲ ಬಿಡವ್ವ.”